ಹೆಸರಿನ ಬೇರು, ಅಜ್ಜನ ಮೀಸೆ

ಮೊಮ್ಮಗಳು ಹಾಂಕಾ ಮೆಚ್ಚಿದ ಹುಡುಗನ ಅಡ್ಡಹೆಸರು ಹೋಫ್‌ಮನ್ ಎಂದು ಕೇಳಿದ್ದೇ ತಡ, ಅಜ್ಜ ಬರನೋವ್ಸ್ಕಿ ಮೀಸೆಯ ಮೇಲೆ ಕೈ ಹಾಕಿದರು.

"ಹೆಸರಲ್ಲೇ ಜರ್ಮನ್ ವಾಸನೆ ಹೊಡೀತಿದೆ. ನಮ್ಮನೆ ಹುಡುಗಿ ಅಪ್ಪಟ ಪೋಲಿಷರ ಮನೇನೇ ಸೇರಬೇಕು."

ಹಾಂಕಾ ಅಳಲಿಲ್ಲ, ವಾದಿಸಲೂ ಇಲ್ಲ. ಮನೆತನದ ಹೆಸರುಗಳ ಮೂಲ ಹುಡುಕುವ ಪಂಡಿತರೊಬ್ಬರಿಂದ ಹುಡುಗನ ವಂಶ ಶೋಧ ಮಾಡಿಸಿ, ಅವರನ್ನೇ ಕರೆತಂದು ಅಜ್ಜನೆದುರು ಕೂರಿಸಿದಳು.

"ಹುಡುಗನ ಪೂರ್ವಿಕರು ದ್ವೋರಾಕ್ ಮನೆತನದವರು. ಅಂದರೆ ಆಸ್ಥಾನದ ಆಳು. ಜರ್ಮನ್ನರ ಆಳ್ವಿಕೆಯಲ್ಲಿ ಅದೇ ಅರ್ಥದ ಹೋಫ್‌ಮನ್ ಆಯಿತು, ಅಷ್ಟೆ. ಅಪ್ಪಟ ಪೋಲಿಷರೇ," ಎಂದರು ಪಂಡಿತರು.

ಚಹಾ ಬಗ್ಗಿಸುತ್ತಿದ್ದ ಹಾಂಕಾ ನಗು ನುಂಗಿಕೊಂಡಳು.

"ನಮ್ಮದೂ ಹೇಳಿಬಿಡಿ," ಎಂದರು ಅಜ್ಜ ಗತ್ತಿನಿಂದ.

ಪಂಡಿತರು ತಡವರಿಸಿದರು. "ಅದನ್ನೂ ಹುಡುಕಿದೆ. ನಿಮ್ಮ ಮೂಲಪುರುಷ ಪೋಲಿಷನಲ್ಲ, ತಾತಾರ. ಏಷ್ಯಾ ಕಡೆಯ ಹುಲ್ಲುಗಾವಲುಗಳಿಂದ ಕುದುರೆಯೇರಿ ಯುದ್ಧಕ್ಕೆ ಬಂದು ಇಲ್ಲೇ ನಿಂತವನು. ಬರನೋವ್ಸ್ಕಿ ಆಮೇಲೆ ಇಟ್ಟುಕೊಂಡ ಹೆಸರು."

ಅಜ್ಜ ಚಹಾ ಲೋಟ ಕೆಳಗಿಟ್ಟರು.

"ಇನ್ನೇನು ಅಡ್ಡಿ ಅಜ್ಜಾ? ನೀನು ಕೇಳಿದಂಥ ಹುಡುಗನೇ ಸಿಕ್ಕಿದನಲ್ಲ," ಎಂದಳು ಹಾಂಕಾ ಮೆಲ್ಲಗೆ.

ಅಜ್ಜ ಎದ್ದುಹೋಗಿ ಕನ್ನಡಿಯಲ್ಲಿ ತಮ್ಮ ಉಬ್ಬಿದ ಕೆನ್ನೆಯ ಮೂಳೆಗಳನ್ನು ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಮೀಸೆಯನ್ನು ಇನ್ನೊಂದು ಸುತ್ತು ತಿರುವಿದರು.

"ಆಗಲ್ಲ ಮಗಳೇ. ನಮ್ಮಂಥ ತಾತಾರರ ಮನೆ ಹೆಣ್ಣನ್ನ ಬರೀ ಪೋಲಿಷರಿಗೆ ಕೊಡೋದುಂಟೇ?"