ಕವಲುದಾರಿಯ ಹಸಿರು ಸೊಪ್ಪು

ನಿರಂಜನ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರ್. ವಾರವಿಡೀ ಬೇರೆಯವರ ಬಾಯಿ ನೋಡಿ ಸಾಕಾಗಿ, ರಜೆ ಸಿಕ್ಕರೆ ಸಾಕು, ಒಬ್ಬನೇ ಬೆಟ್ಟ ಹತ್ತುತ್ತಿದ್ದ…

ಗೈಡ್ ಬೇಡ, ಗುಂಪು ಬೇಡ. ಬೆನ್ನಿಗೊಂದು ಬ್ಯಾಗ್, ಅದರಲ್ಲೊಂದು ಟೆಂಟ್, ಎರಡು ದಿನಕ್ಕಾಗುವಷ್ಟು ಅವಲಕ್ಕಿ.

"ಬೆಟ್ಟದಲ್ಲಿ ನಾನು, ನನ್ನ ಎರಡು ಕಾಲು… ಬೇರೆ ಯಾರ ಹಂಗೂ ಇಲ್ಲ" ಎಂದು ಗೆಳೆಯರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಳ್ಳಲಿ ಬಿಡಿ, ಅದಕ್ಕೇನೂ ಟ್ಯಾಕ್ಸ್ ಇಲ್ಲ.

ಈ ಸಲ ಹೋಗಿದ್ದು ಚಾಮರಾಜನಗರದ ಕಡೆಯ ಬೆಟ್ಟಸಾಲಿಗೆ. ಬೆಳಿಗ್ಗೆಯಿಂದ ನಡೆದರೂ ಒಂದು ನರಪಿಳ್ಳೆಯೂ ಎದುರಾಗಿರಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಕಾಲುದಾರಿ ಎರಡಾಯಿತು. ಎಡಗಡೆಯ ದಾರಿಗೆ ಅಡ್ಡಲಾಗಿ ಯಾರೋ ಹಸಿರು ಸೊಪ್ಪು ಹಾಸಿ, ಮೇಲೆ ಕಲ್ಲು ಹೇರಿದ್ದರು.

ಮೇಕೆಗೆಂದು ಕಡಿದು ಮರೆತಿರಬೇಕು ಎಂದುಕೊಂಡ. ಟೆಂಟಿನ ಕೆಳಗೆ ಹಾಸಿದರೆ ಬೆನ್ನಿಗೆ ಮೆತ್ತಗಿರುತ್ತದಲ್ಲ…

ಕಲ್ಲು ಪಕ್ಕಕ್ಕೆ ಉರುಳಿಸಿ, ಸೊಪ್ಪನ್ನೆಲ್ಲ ಬಾಚಿಕೊಂಡು ಬಲಗಡೆಯ ದಾರಿ ಹಿಡಿದ. ಹತ್ತು ನಿಮಿಷ ನಡೆದು, ತೊರೆಯ ಪಕ್ಕ ಟೆಂಟ್ ಹಾಕಿದ.

ಒಂದೂವರೆ ಗಂಟೆ ಕಳೆದಿರಬಹುದು. ಮೇಲಿನಿಂದ ಒಬ್ಬ ಮನುಷ್ಯ ಏದುಸಿರು ಬಿಡುತ್ತಾ ಇಳಿದು ಬಂದ. ಹೆಸರು ಜಡೇಮಾದ. ಬೆಟ್ಟದ ಮೇಲೆ ದನದ ದೊಡ್ಡಿ ಹಾಕಿಕೊಂಡಿದ್ದವನು.

"ಸಾರ್, ನಮ್ಮವ್ವ ಊರಿಂದ ರಾಗಿಹಿಟ್ಟು ತತ್ತೀನಿ ಅಂದಿದ್ಲು. ಇನ್ನೂ ಬಂದಿಲ್ಲ. ಈ ಕಡೆ ಏನಾರ ನೋಡುದ್ರಾ?"

"ಇಲ್ವಲ್ಲಪ್ಪ…"

"ಎಡಗಡೆ ದಾರಿ ಮೊನ್ನೆ ಮಳೇಲಿ ಕುಸ್ದು ಹೋಗ್ಯದೆ ಸಾರ್. ಅವ್ವ ಯಾವಾಗ್ಲೂ ಬರೋದು ಆ ದಾರೀಲೇ. ಅದ್ಕೇ ಕವ್ಲಲ್ಲಿ ಸೊಪ್ಪು ಹಾಕಿವ್ನಿ. ಸೊಪ್ಪು ಹಾಕಿದ್ರೆ ಆ ಕಡೆ ಹೋಗಬ್ಯಾಡಿ ಅಂತ. ನಮ್ಮ ಕಡೆ ಮಕ್ಕಳ್ಗೂ ಗೊತ್ತು."

ನಿರಂಜನ ತನ್ನ ಟೆಂಟಿನ ಕಡೆ ನೋಡಿದ.

ಟೆಂಟಿನ ಅಡಿಯಿಂದ ಸೊಪ್ಪಿನ ತುದಿ ಹೊರಗೆ ಕಾಣುತ್ತಿತ್ತು. ಜಡೇಮಾದ ಇನ್ನೂ ಅದನ್ನು ನೋಡಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ…

"ಆ ಸೊಪ್ಪು ತೆಗೆದಿದ್ದು ನಾನೇ ಕಣಪ್ಪ" ಎಂದ.

ಜಡೇಮಾದ ಕವಲಿನ ಕಡೆಗೆ ಓಡಿದ. ನಿರಂಜನ ಅವನ ಹಿಂದೆ ಓಡಿದ.

ಕವಲು ದಾಟಿ ಎಡಕ್ಕೆ ತಿರುಗಿದರು. ಮಣ್ಣಿನ ಮೇಲೆ ಬರಿಗಾಲಿನ ಸಣ್ಣ ಹೆಜ್ಜೆ ಗುರುತುಗಳಿದ್ದವು. ಹೋಗುವ ಗುರುತುಗಳಷ್ಟೇ ಇದ್ದವು, ವಾಪಸ್ ಬಂದವು ಇರಲಿಲ್ಲ…

ಒಂದು ತಿರುವಿನ ಹತ್ತಿರ ಬಂದಾಗ ಮುಂದಿನಿಂದ ದನಿ ಕೇಳಿತು.

"ಯಾರದು? ಅಲ್ಲೇ ನಿಂತ್ಕಳಿ. ಮುಂದ್ಕೆ ದಾರಿ ಇಲ್ಲ."

ಜಡೇಮಾದನ ತಾಯಿ ಕೇತಮ್ಮ ದಾರಿಯ ನಟ್ಟನಡುವೆ ಕುಳಿತಿದ್ದಳು. ಅವಳ ಬೆನ್ನ ಹಿಂದೆ ನಾಲ್ಕೇ ಹೆಜ್ಜೆಗೆ ನೆಲ ಮುಗಿದು ಪ್ರಪಾತ. ಕುಸಿದದ್ದು ಕಂಡು ಹಿಂದಕ್ಕೆ ಸರಿಯುವಾಗ ಕಾಲು ಉಳುಕಿ, ಏಳಲಾಗದೆ ಕೂತಿದ್ದಳು. ಗಾಳಿಗೆ ಮೈ ಗಡಗಡ ನಡುಗುತ್ತಿತ್ತು.

ಜಡೇಮಾದನಿಗೆ ಅಳು, ಸಿಟ್ಟು ಒಟ್ಟಿಗೇ ಬಂತು. "ಪಕ್ಕದಲ್ಲೇ ಬಂಡೆ ಅದಲ್ಲವ್ವ, ಅದ್ರ ಮರೆಗಾದ್ರೂ ತೆವ್ಳ್ಕಂಡು ಹೋಗಬಾರ್ದಾ?"

"ನಾ ಮರೆಗೆ ಹೋದ್ರೆ ಹಿಂದ್ಗಡೆಯಿಂದ ಬರೋರ್ಗೆ ಹೆಂಗ್ಲಾ ಗೊತ್ತಾದದು? ಕವ್ಲಲ್ಲಿ ಸೊಪ್ಪು ಇರ್ನಿಲ್ಲ. ಬೂಟುಕಾಲಿನ ಗುರ್ತು ಇತ್ತು. ಯಾರೋ ಹೊಸಬ್ರು ಬೆಟ್ಟದ ಮ್ಯಾಲವ್ರೆ, ಕತ್ಲೇಲಿ ಇತ್ಲಾಗಿ ಬಂದು ಬಿದ್ದುಗಿದ್ದಾರು ಅಂತವ ನಾನೇ ಅಡ್ಡ ಕುಂತ್ಕಂಡೆ…"

ಆ ಬೂಟು ನಿರಂಜನನ ಕಾಲಿನಲ್ಲಿತ್ತು.

ಅವನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. "ಅವ್ವಾ, ಸೊಪ್ಪು ತೆಗೆದವನು ನಾನೇ… ಹಾಸಿಕೊಂಡು ಮಲಗೋಕೆ ಅಂತ" ಎನ್ನುವಷ್ಟರಲ್ಲಿ ಕಣ್ಣು ತುಂಬಿ ಬಂತು.

ಕೇತಮ್ಮ ಅವನ ಮುಖವನ್ನೊಮ್ಮೆ, ಬೂಟನ್ನೊಮ್ಮೆ ನೋಡಿದಳು.

"ನೀನೇಯಾ ಅದು? ಸದ್ಯ, ನೀನು ಬೀಳ್ನಿಲ್ಲವಲ್ಲ ಮಗ" ಎಂದಳು.

ಒಬ್ಬರ ಹಂಗೂ ಇಲ್ಲ ಎನ್ನುತ್ತಿದ್ದ ಡಾಕ್ಟರು ಅವತ್ತು ಆ ತಾಯಿಯನ್ನು ಬೆನ್ನ ಮೇಲೆ ಹೊತ್ತು ದೊಡ್ಡಿಯವರೆಗೂ ಹತ್ತಿದ. ದಾರಿಯುದ್ದಕ್ಕೂ ಅಳುತ್ತಲೇ ಇದ್ದ…

ಒಬ್ಬರೇ ನಡೆಯುವುದು ತಪ್ಪಲ್ಲ, ನಮ್ಮ ಹಿಂದೆ ಯಾರೂ ಬರುವುದಿಲ್ಲ ಎಂದುಕೊಳ್ಳುವುದೇ ತಪ್ಪು.

ನೀವು ಇವತ್ತು ನಡೆದ ದಾರಿಯಲ್ಲಿ ನಾಳೆ ಯಾರು ಬರುತ್ತಾರೆ… ಒಮ್ಮೆಯಾದರೂ ಯೋಚಿಸಿದ್ದೀರಾ?