ಅರ್ಧ ಗುಳಿಗೆ

ಸತ್ತು ಹದಿನಾಲ್ಕು ತಿಂಗಳಾಗಿದ್ದ ನೇಕಾರ ಅಂದಪ್ಪ ಈ ತಿಂಗಳೂ ಬಿಪಿ ಗುಳಿಗೆ ಒಯ್ದಿದ್ದ. ಕಾಂಚನಾ ರಜಿಸ್ಟರಿನ ಆ ಸಾಲನ್ನು ಮೂರು ಸಲ ಓದಿದಳು. ಮೊದಲು ತನ್ನ ಕಣ್ಣನ್ನು ಅನುಮಾನಿಸಿದಳು, ಆಮೇಲೆ ಸಾವಿನ ದಾಖಲೆಯನ್ನು, ಕೊನೆಗೆ ಎಂದಿನಂತೆ ತನ್ನನ್ನೇ.

ಬೆಟಗೇರಿಯ ಆ ಪುಟ್ಟ ದವಾಖಾನೆಯಲ್ಲಿ ಬಿಪಿ ನೋಡಿ ಗುಳಿಗೆ ಕೊಡುವವಳು ಅವಳೇ. ಐದು ವರ್ಷಗಳಲ್ಲಿ ಹಂಚಿದ ಗುಳಿಗೆಗಳ ಲೆಕ್ಕ ಕಳಿಸಿದ್ದಳು. ಅದನ್ನು ನೋಡಿ ಮೇಲಿನ ಕಚೇರಿಯ ನಂದೀಶ ಬೆಳಿಗ್ಗೆಯೇ ಫೋನ್ ಮಾಡಿದ್ದ.

"ಮೇಡಂ, ಗುಳಿಗಿ ರೇಟು ಅರ್ಧಕ್ಕ ಇಳದೈತಿ, ಖರ್ಚು ಮಾತ್ರ ಏರಕೋಂತ ಹೊಂಟೈತಿ. ನಿಮ್ಮ ಓಣ್ಯಾಗ ಮಂದಿ ಇದ್ದಷ್ಟಽ ಅದಾರ, ಗುಳಿಗಿ ಮೂರು ಪಟ್ಟು ಆಗ್ಯಾವ. ಯಾರು ತಿನ್ನಾಕತ್ತಾರ?"

"ಇನ್ನೊಮ್ಮೆ ಎಣಸ್ತೀನ್ರಿ ಸರ್."

"ಎಣಸೂದು ಸಾಕು, ಕಾರಣ ಬರದು ಕಳಸ್ರಿ. ಇಲ್ಲಂದ್ರ ನೀವಽ ಮಾರಕೊಂಡ್ರಿ ಅಂತಾರ."

ಮಧ್ಯಾಹ್ನ ಊಟ ಬಿಟ್ಟು, ರಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಕಾಂಚನಾ ಅಂದಪ್ಪನ ಮನೆಗೆ ಹೋದಳು. ಅವನ ಹೆಂಡತಿ ರತ್ನವ್ವ ಕಾಲು ಚಾಚಿ ಕೂತು ನೂಲು ಸುತ್ತುತ್ತಿದ್ದಳು. ಗೋಡೆಯ ಗೂಡಿನಲ್ಲಿ ಅಂದಪ್ಪನ ಫೋಟೊ. ಅದರ ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಒಂದು ಮುದ್ದೆ ಅನ್ನ, ಪಕ್ಕದಲ್ಲಿ ಒಂದು ಬಿಳಿ ಗುಳಿಗೆ.

"ಆಯಿ, ಇದೇನ್ರಿ?"

"ಎಡಿ ಯವ್ವಾ. ಅಂವ ಹೋದ ಮ್ಯಾಲೆ ಮೊದಲನೇ ಅಮಾಸಿಗೆ ಹೋಳಿಗಿ ಎಡಿ ಇಟ್ಟೆ, ಕಾಗಿ ಮುಟ್ಟಲಿಲ್ಲ. ಚಾ ಇಟ್ಟೆ, ಎಲಿ ಅಡಿಕಿ ಇಟ್ಟೆ, ಮುಟ್ಟಲಿಲ್ಲ. ಆಮ್ಯಾಗ ನೆನಪಾತು. ಗುಳಿಗಿ ತುಟ್ಟಿ ಇದ್ದಾಗ ಹಲ್ಲಿಲೆ ಕಡದು ಅರ್ಧ ನುಂಗಿ, ಉಳದದ್ದು ನಾಳಿಗೆ ಅಂತ ಇಡತಿದ್ದ. ನಿಮ್ಮ ದವಾಖಾನ್ಯಾಗ ಪುಕ್ಕಟೆ ಸಿಕ್ಕ ಮ್ಯಾಲೂ ಆ ರೂಢಿ ಬಿಡಲಿಲ್ಲ. ಮನ್ಯಾಗ ಉಳದಿದ್ದ ಒಂದು ಪೂರ್ತಿ ಗುಳಿಗಿ ಇಟ್ಟೆ ನೋಡು, ಕಾಗಿ ಬಂತು. ಅವತ್ತಿನಿಂದ ದಿನಾ ಇಡತೀನಿ. ಇದ್ದಾಗ ನನ್ನ ಮಾತು ಒಂದೂ ಕೇಳಲಿಲ್ಲ, ಈಗ ಟೈಮಿಗೆ ಸರಿಯಾಗಿ ತಗೊಂತಾನ."

"ಓಣ್ಯಾಗ ಮತ್ತ ಯಾರರ ಹಿಂಗ ಇಡತಾರೇನ್ರಿ?"

"ಎಲ್ಲಾರೂ ಇಡತಾರ. ಅರ್ಧ ತಿಂದು ಹೋದವರು ಒಬ್ಬರೋ ಇಬ್ಬರೋ?"

ಕಾಂಚನಾಳ ಅಪ್ಪ ಲಕ್ಷ್ಮಪ್ಪನೂ ಹಾಗೇ ಹೋದವನು. ಅವಳ ಸಂಜೆ ಕಾಲೇಜಿನ ಫೀ ಹೊಂದಿಸಲೆಂದು ಗುಳಿಗೆಯನ್ನು ಅಡಿಕೆ ಕತ್ತರಿಸುವ ಅಡಕೊತ್ತಿನಲ್ಲಿ ಇಟ್ಟು ನೇರ ಎರಡು ಹೋಳು ಮಾಡುತ್ತಿದ್ದ. ಕಳೆದ ಅಮಾವಾಸ್ಯೆಗೆ ಅವನ ಎಡೆಯನ್ನೂ ಕಾಗೆ ಮುಟ್ಟಿರಲಿಲ್ಲ. ಹೂರಣಕ್ಕೆ ಬೆಲ್ಲ ಕಡಿಮೆ ಹಾಕಿದೆನೇನೋ ಎಂದು ಅವಳು ಎರಡು ದಿನ ಕೊರಗಿದ್ದಳು.

"ಖರೆ ಹೇಳ್ರಿ ಆಯಿ. ಕೈಗೆ ಪಟ್ಟಿ ಕಟ್ಟಿ ಬಿಪಿ ನೋಡಿ ಬರಕೊಳ್ಳದ ನಾನು ಯಾರಿಗೂ ಗುಳಿಗಿ ಕೊಡೂದಿಲ್ಲ. ಅಜ್ಜನ ಹೆಸರಿಗೆ ಯಾರನ್ನ ಕಳಸ್ತೀರಿ?"

ರತ್ನವ್ವನ ಕೈ ನಿಂತಿತು. "ಯಾರನ್ನ ಕಳಸಲಿ? ನನ್ನ ಮೊಣಕಾಲು ಹಿಡದು ಎರಡು ವರ್ಷಾತು, ಹೊಸ್ತಿಲ ದಾಟಿಲ್ಲ. ಗುಳಿಗಿ ಮುಗದಾಗ ಗೂಡಿನ್ಯಾಗ ಹೊಸಾವು ಬಂದಿರತಾವ. ಅಂವನಽ ತರತಾನ. ನೀನಽ ನೋಡಿ ಕೊಡತಿ."

ಕಾಂಚನಾ ರಜಿಸ್ಟರ್ ತೆರೆದಳು. ಅಂದಪ್ಪನ ಬಿಪಿ ಸಾವಿನ ನಂತರದ ತಿಂಗಳು ನೂರಾ ತೊಂಬತ್ತು. ಆಮೇಲೆ ನೂರಾ ಎಪ್ಪತ್ತು. ನೂರಾ ಐವತ್ತೆರಡು. ಈ ತಿಂಗಳು ನೂರಾ ಮೂವತ್ತು. ಎಲ್ಲವೂ ಎಡಕ್ಕೆ ವಾಲಿದ ಅವಳದೇ ಅಕ್ಷರ. ಬಂದವನ ಮುಖ ನೆನಪಿಸಿಕೊಳ್ಳಲು ನೋಡಿದಳು, ಬರಲಿಲ್ಲ. ಗದ್ದಲದಲ್ಲಿ ಅವಳು ಯಾರ ಮುಖವನ್ನೂ ನೋಡಿದವಳಲ್ಲ. ತಪ್ಪು ಬರೆದೇನೆಂಬ ಹೆದರಿಕೆಗೆ ಅವಳ ಕಣ್ಣು ಯಾವಾಗಲೂ ಮೀಟರಿನ ಮುಳ್ಳಿನ ಮೇಲೆಯೇ. ಕೆಲವು ಕೈಗಳು ತಣ್ಣಗಿದ್ದದ್ದು ಮಾತ್ರ ನೆನಪಾಯಿತು. ಫ್ಯಾನಿನ ಗಾಳಿಗೆ ಎಂದುಕೊಂಡಿದ್ದಳು.

ಬದುಕಿದ್ದವರ ಔಷಧಿ ಇದು, ಬರುವ ಸಲ ಒಬ್ಬೊಬ್ಬರ ಮುಖ ನೋಡಿಯೇ ಕೊಡುವುದು, ಸತ್ತವರ ಹೆಸರು ಹೊಡೆದು ಹಾಕಿ ನಂದೀಶನಿಗೆ ಬರೆದು ಕಳಿಸುವುದು ಎಂದು ತೀರ್ಮಾನಿಸಿದಳು.

ಗುಳಿಗೆ ಕೊಡುವ ದಿನ ಬಂತು. ಪ್ರತಿಯೊಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಹೆಸರು ಕೇಳಿ, ಕಾರ್ಡು ತಾಳೆ ಹಾಕಿದಳು.

"ಇವತ್ತೇನ್ರಿ ಮೇಡಮ್ಮಾರ, ಗಂಡು ನೋಡಾಕ ಬಂದಂಗ ನೋಡಾಕತ್ತೀರಿ?" ಎಂದು ಮಗ್ಗದ ಮಹಾದೇವ ನಗೆಯಾಡಿದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರೂ ಬದುಕಿದ್ದವರೇ, ಎಲ್ಲರ ಕೈಯೂ ಬೆಚ್ಚಗಿತ್ತು.

ಹನ್ನೆರಡರ ಹೊತ್ತಿಗೆ ಸಾಲು ಕರಗಿತು. ಕಾಂಚನಾ ಉಸಿರು ಬಿಟ್ಟು, ಕೆಂಪು ಪೆನ್ನು ತೆಗೆದು, ಅಂದಪ್ಪನ ಹೆಸರು ಹೊಡೆಯಲು ತಲೆ ತಗ್ಗಿಸಿದಳು. ಆಗ ಕಿಟಕಿಯಿಂದ ಇನ್ನೊಂದು ಕೈ ಬಂದು ಮೇಜಿನ ಮೇಲೆ ಒರಗಿತು. ರೂಢಿಯಂತೆ ಪಟ್ಟಿ ಸುತ್ತಿದಳು. ಬಾವಿಯಿಂದ ಆಗಷ್ಟೇ ಎತ್ತಿದ ಕೊಡದಂತೆ ತಣ್ಣಗಿತ್ತು ಕೈ. ಮುಳ್ಳು ಇನ್ನೂರಾ ಹತ್ತರಲ್ಲಿ ನಡುಗಿತು.

"ಹೆಸರು ಹೇಳ್ರಿ," ಎಂದಳು. ತಲೆ ಎತ್ತಲು ಆಗಲಿಲ್ಲ.

ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ಅಂಗೈ ಮೇಲೆ ಅರ್ಧ ಗುಳಿಗೆ. ಹಲ್ಲಿನಿಂದ ಕಚ್ಚಿದ್ದಲ್ಲ, ಅಡಕೊತ್ತಿನಿಂದ ನೇರ ಕತ್ತರಿಸಿದ್ದು.

ಕಾಂಚನಾ ಕೆಂಪು ಪೆನ್ನು ಮುಚ್ಚಿಟ್ಟು ನೀಲಿ ಪೆನ್ನು ತೆಗೆದುಕೊಂಡಳು. ಹೊಸ ಸಾಲಿನಲ್ಲಿ ಅಪ್ಪನ ಹೆಸರು ಬರೆದಳು. ಅದರ ಮುಂದೆ, ದಿನಕ್ಕೊಂದು, ಪೂರ್ತಿ.