ಕ್ಯಾಸೆಟ್ಟಿನಲ್ಲಿದ್ದ ದಾರಿ

"ಇದು ಹಳೇ ಬೀಟಾ ವಿಡಿಯೊ ಕ್ಯಾಸೆಟ್ ಕಣಮ್ಮ, ವಿ.ಎಚ್.ಎಸ್. ಅಲ್ಲ. ಅದಕ್ಕೇ ಯಾರ ಮೆಷಿನ್ನಿಗೂ ಕೂರ್ತಿಲ್ಲ," ಎಂದರು ಚನ್ನಬಸವಯ್ಯ, ಕ್ಯಾಸೆಟ್ಟನ್ನು ತಿರುಗಿಸಿ ನೋಡುತ್ತಾ.

ಜಯನಗರದಿಂದ ಕತ್ರಿಗುಪ್ಪೆಯವರೆಗೆ ಜಯಾ ಹತ್ತಿದ ಐದನೇ ರಿಪೇರಿ ಅಂಗಡಿ ಅದು. ಕೋಣನಕುಂಟೆಯಲ್ಲಿ ಅವಳ ಮನೆ ಪಕ್ಕದಿಂದ ಕೆರೆ ಏರಿಗೆ, ಅಲ್ಲಿಂದ ಶಾಲೆಗೆ ಒಂದು ಕಾಲುದಾರಿಯಿತ್ತು. ಅಪಾರ್ಟ್‌ಮೆಂಟ್ ಕಟ್ಟಲು ಬಂದ ಬಿಲ್ಡರ್, ಅದು ದಾರಿಯೇ ಅಲ್ಲ, ಬರೀ ಸಂದಿ ಎಂದು ಅಡ್ಡಗೋಡೆ ಎಬ್ಬಿಸಿದ್ದ. ಮಕ್ಕಳು ಲಾರಿಗಳ ನಡುವೆ ಮೇನ್ ರೋಡ್ ಸುತ್ತಿ ಹೋಗುವಂತಾಯಿತು. ಹೋದ ತಿಂಗಳು ಮೂರನೇ ಕ್ಲಾಸಿನ ಹುಡುಗಿಯ ಕಾಲಿನ ಮೇಲೆ ಟೆಂಪೋ ಹರಿಯಿತು. ಸೋಮವಾರ ಪಾಲಿಕೆಯಲ್ಲಿ ವಿಚಾರಣೆ. ಊರವರ ಪರವಾಗಿ ಜಯಾ ಹತ್ತಿರ ಇದ್ದ ಸಾಕ್ಷಿ, ಎಂಬತ್ತೇಳರಲ್ಲಿ ನಾದಿನಿಯ ಮದುವೆಗೆ ತೆಗೆಸಿದ್ದ ಈ ವಿಡಿಯೊ ಒಂದೇ. ಮದುವೆಯ ಮೆರವಣಿಗೆ ಆ ದಾರಿಯಲ್ಲೇ ಬಂದಿತ್ತು.

"ನಿಮ್ಮತ್ರ ಮೆಷಿನ್ ಇದ್ಯಾ ಸಾರ್?"

"ಒಂದಿದೆ, ಓಡಲ್ಲ. ವಿಡಿಯೊ ಲೈಬ್ರರಿಯೋರೆಲ್ಲ ವಿ.ಎಚ್.ಎಸ್. ಬಾಡಿಗೆಗೆ ಕೊಡೋಕೆ ಶುರು ಮಾಡಿದ್ಮೇಲೆ ಬೀಟಾ ಮೂಲೆ ಸೇರ್ತು. ಆಮೇಲೆ ಸಿಡಿ ಬಂತು, ವಿ.ಎಚ್.ಎಸ್.ನೂ ಮೂಲೆಗೆ ತಳ್ತು. ಪಿಕ್ಚರ್ ಮಾತ್ರ ಬೀಟಾದಲ್ಲೇ ಚೆನ್ನಾಗಿ ಬರೋದು ಅಂತ ನಾನು ಎಸೀಲಿಲ್ಲ."

"ಹಾಗಾದ್ರೆ ಓಡ್ಸಿ ಸಾರ್. ನಾನು ಕೂತಿರ್ತೀನಿ."

ಕೂತಳು, ಮೂರು ದಿನ ಬಂದು ಕೂತಳು. ಚನ್ನಬಸವಯ್ಯ ಮೆಷಿನ್ ಬಿಚ್ಚಿ ಸವೆದ ಬೆಲ್ಟ್ ಬದಲಿಸಿದರು. ಟೇಪಿಗೆ ಹಿಡಿದಿದ್ದ ಬೂಷ್ಟನ್ನು ಅವರು ತೋರಿಸಿಕೊಟ್ಟಂತೆ ಜಯಾ ಹತ್ತಿಯಲ್ಲಿ ಗೇಣು ಗೇಣಾಗಿ ಒರೆಸಿದಳು. ಶನಿವಾರ ಮಧ್ಯಾಹ್ನ ಮೆಷಿನ್ ಗೊರಗುಟ್ಟಿತು. "ಒಂದೇ ಸಲ ಓಡ್ಸೋದು. ಹರಿದ್ರೆ ನನ್ನ ಕೇಳ್ಬೇಡಿ," ಎನ್ನುತ್ತಾ ಅವರು ಅದನ್ನು ಕಂಪ್ಯೂಟರಿಗೆ ಜೋಡಿಸಿ ರೆಕಾರ್ಡಿಂಗ್ ಒತ್ತಿದರು.

ಪರದೆಯ ಮೇಲೆ ಗೆರೆಗಳು ಓಡಿದವು. ಆಮೇಲೆ ಓಲಗ ಕೇಳಿಸಿತು. ಕೆರೆಯಿಂದ ತುಂಬಿದ ಬಿಂದಿಗೆ ಹೊತ್ತ ಹೆಂಗಸರು, ಅವರ ಹಿಂದೆ ಸರಾಗವಾಗಿ ಬರುತ್ತಿದ್ದ ಎತ್ತಿನ ಗಾಡಿ. "ಗಾಡಿ ದಾರಿ! ನೋಡಿ ಸಾರ್, ಗಾಡಿ ದಾರಿ!" ಜಯಾ ಎದ್ದೇ ನಿಂತಳು. ಗಾಡಿ ಅವಳ ಮನೆಯ ಹತ್ತಿರ ಬಂತು, ಗೋಡೆಯ ಪಕ್ಕದಲ್ಲೇ ಹಾದುಹೋಯಿತು. ಜಯಾ ಮೆಲ್ಲಗೆ ಕೂತಳು.

"ಏನಾಯ್ತಮ್ಮ?"

"ಗಾಡಿ ಹೋಯ್ತಲ್ಲ ಸಾರ್, ಆ ಜಾಗದಲ್ಲಿ ಈಗ ನಮ್ಮ ಬಚ್ಚಲಮನೆ ಇದೆ. ನಮ್ಮನೆಯೋರು ಆಮೇಲೆ ಕಟ್ಟಿಸಿದ್ದು."

ಒಂದು ಮೂಲೆ ತಾನೆ, ಯಾರು ಕೇಳ್ತಾರೆ ಎಂದಿದ್ದ ಗಂಡ. ಆತ ತೀರಿಕೊಂಡು ಹತ್ತು ವರ್ಷವಾಗಿತ್ತು. ಆ ಹಸಿ ಗೋಡೆಗೆ ಮೂರು ಹೊತ್ತು ನೀರು ಎರಚಿದ್ದವಳು ಅವಳೇ. ದಾರಿ ಸಂದಿಯಾದದ್ದು ಹೇಗೆಂದು ಈಗ ಅವಳ ಕಣ್ಣಿಗೆ ಹೊಡೆದಂತೆ ಕಂಡಿತು.

ಚನ್ನಬಸವಯ್ಯ ಧ್ವನಿ ತಗ್ಗಿಸಿದರು. "ಕೆರೆ ಹತ್ರದ್ದು ಇಟ್ಕೊಂಡು, ಮನೆ ಹತ್ರದ್ದು ತೆಗೆದುಬಿಡ್ಲಾ? ಎರಡು ನಿಮಿಷದ ಕೆಲಸ. ಯಾರಿಗೂ ಗೊತ್ತಾಗಲ್ಲ."

ಜಯಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಬೇಡ ಸಾರ್. ಪೂರ್ತಿ ಹಾಕ್ಕೊಡಿ."

ಸೋಮವಾರ ಅಧಿಕಾರಿ ವಿಡಿಯೊ ನೋಡಿ, "ಗಾಡಿ ಪಕ್ಕದ ಈ ಮನೆ ಯಾರದು?" ಎಂದು ಕೇಳಿದರು. "ನಮ್ದೇ ಸಾರ್. ನಮ್ಮ ಬಚ್ಚಲಮನೆ ದಾರಿ ಮೇಲೇ ಇದೆ. ಅಳತೆಗೆ ಕಳ್ಸಿ," ಎಂದಳು ಜಯಾ. ಬಿಲ್ಡರ್ ಕಡೆಯವನು ಮುಸಿಮುಸಿ ನಕ್ಕ.

ಬುಧವಾರ ಸರ್ವೆಯವರು ಬಂದಾಗ ಬಚ್ಚಲಮನೆ ಇರಲಿಲ್ಲ. ಇಟ್ಟಿಗೆಗಳನ್ನು ಪಕ್ಕಕ್ಕೆ ಪೇರಿಸಲಾಗಿತ್ತು. ನೀರು ಕಾಯಿಸುವ ಹಂಡೆ ಅಂಗಳದಲ್ಲಿ ಬಿಸಿಲಿಗೆ ಹೊಳೆಯುತ್ತಿತ್ತು. ಗುದ್ದಲಿ ಹಿಡಿದ ಕೈಯಲ್ಲೇ ಬೆವರು ಒರೆಸಿಕೊಂಡು ಜಯಾ ಮುಂದೆ ಬಂದಳು.

"ನಮ್ದು ಮುಗೀತು ಸಾರ್. ಇನ್ನು ಒಂದೇ ಗೋಡೆ ಉಳ್ದಿರೋದು."